ಇಪ್ಪತ್ತು ನಿಮಿಷಕ್ಕೆ ಎರಡೇ ಪದ್ಯ

ನಮ್ಮ ಬಿಎ ಐಚ್ಛಿಕ ಕನ್ನಡದಲ್ಲಿ ಪ್ರತಿ ಸೆಮಿಸ್ಟರಿಗೂ ಒಂದು ಗುಂಪು ಸೆಮಿನಾರು ಇರುತ್ತದೆ. ಐದು ಜನ, 20 ನಿಮಿಷ, ಒಂದು ಪಠ್ಯಭಾಗ. ಹಾಳೆ ನೋಡಿ ಓದುವಂತಿಲ್ಲ. ಎಲ್ಲರೂ ಬಾಯಿ ಬಿಡಲೇಬೇಕು. ಇಂಟರ್ನಲ್ಸ್ ಮಾರ್ಕ್ಸು ಇದರ ಮೇಲೆ ನಿಂತಿರುವುದರಿಂದ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಹಾಗಂತ ಯಾರಿಗೂ ಇಷ್ಟವೂ ಇಲ್ಲ. ಕೂತು ಕೇಳುವವರಿಗಂತೂ ಮೊದಲೇ ಇಲ್ಲ.

ಕನ್ನಡ ಸೆಮಿನಾರಿಗೆ ಒಂದು ಅಚ್ಚು ಇದೆ. ಮೊದಲು ಬಂದವರು ಕವಿ, ಕಾಲ, ಸ್ಥಳ, ಬಿರುದು, ಕೃತಿ ಹೇಳುತ್ತಾರೆ. ಎರಡನೆಯವರದು ಕಥೆಯ ಹಿನ್ನೆಲೆ. ಮೂರನೆಯವರದು ಸಾರಾಂಶ. ನಾಲ್ಕನೆಯವರದು ಪಾತ್ರಚಿತ್ರಣ. ಕೊನೆಯವರು 'ಒಟ್ಟಾರೆಯಾಗಿ ಹೇಳುವುದಾದರೆ' ಅಂತ ಶುರು ಮಾಡಿ ನಾಲ್ಕೂ ಜನ ಹೇಳಿದ್ದನ್ನು ಮತ್ತೆ ಹೇಳುತ್ತಾರೆ. ಪದ್ಯದ ಬಗ್ಗೆ ಇಷ್ಟೆಲ್ಲ ಮಾತು ನಡೆದರೂ ಪದ್ಯ ಮಾತ್ರ ಒಂದು ಸಲವೂ ಕಿವಿಗೆ ಬೀಳುವುದಿಲ್ಲ. ಮದುವೆಮನೆಯಲ್ಲಿ ಮದುಮಗಳನ್ನು ಒಳಗೇ ಕೂರಿಸಿ ಊಟ ಬಡಿಸಿ ಕಳಿಸಿದ ಹಾಗೆ.

ಈ ಸಲ ನಮಗೆ ಬಂದದ್ದು ಕುಮಾರವ್ಯಾಸ. ಉದ್ಯೋಗಪರ್ವದ ಕೃಷ್ಣ–ಕರ್ಣ ಪ್ರಸಂಗ. ಹಸ್ತಿನಾವತಿಯಲ್ಲಿ ಸಂಧಾನ ಮುರಿದು ಬೀಳುತ್ತದೆ. ವಾಪಸ್ ಹೊರಟ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು 'ನೀನು ಕುಂತಿಯ ಮಗ, ಪಾಂಡವರಿಗೆ ಅಣ್ಣ' ಅಂತ ಹೇಳುತ್ತಾನಲ್ಲ, ಅದು. ಕನ್ನಡ ಓದಿದ ಯಾರಿಗಾದರೂ ಎಲ್ಲಾದರೂ ಒಂದು ಕಡೆ ಪಾಠವಾಗಿರುತ್ತದೆ. ಅದೇ ಕಷ್ಟ. ಎಲ್ಲರಿಗೂ ಗೊತ್ತಿರುವ ಕಥೆಯನ್ನು 20 ನಿಮಿಷ ಏನಂತ ಹೇಳುವುದು?

ನಮ್ಮ ಐವರನ್ನು ಪರಿಚಯ ಮಾಡಿಸುತ್ತೇನೆ. ನಮ್ಮ ಕ್ಲಾಸಿನಲ್ಲಿ ಹೆಸರಿಗಿಂತ ಊರೇ ಮುಂದೆ. ಸಾಗರ, ಶಾಲೆಯಲ್ಲಿದ್ದಾಗಿನಿಂದ ಯಕ್ಷಗಾನ ಕಲಿತವನು, ದನಿ ದೊಡ್ಡದು, ಸಿಟ್ಟೂ ದೊಡ್ಡದು. ಶಿಕಾರಿಪುರ, ಲ್ಯಾಪ್‌ಟಾಪ್ ಇರುವ ಹುಡುಗ, ಆದ್ದರಿಂದ ಎಲ್ಲ ಗುಂಪಿನಲ್ಲೂ ಪಿಪಿಟಿ ಅವನ ತಲೆಗೆ. ಭದ್ರಾವತಿ, ಮನೆಮಾತು ತಮಿಳು. ಅವಳ ಅಜ್ಜ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಅಲ್ಲೇ ನಿಂತವರು. ಹೊಸನಗರ, ಸಂಜೆ ಹೊತ್ತು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾನೆ, ಕ್ಲಾಸು ಮುಗಿದ ತಕ್ಷಣ ಮಾಯ. ಐದನೆಯವಳು ನಾನು, ತೀರ್ಥಹಳ್ಳಿ ಕಡೆಯವಳು. ಮಾತು ಜಾಸ್ತಿ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಲೀಡರ್ ಮಾಡಿದರು.

ಮೊದಲ ದಿನ ಕ್ಯಾಂಟೀನಿನಲ್ಲಿ ಕೂತಾಗ ಅಚ್ಚಿನಂತೆ ಐದು ಭಾಗ ಮಾಡಿಕೊಂಡು ಎದ್ದು ಹೋಗುವ ಅಂದಾಜೇ ಎಲ್ಲರದೂ. ಶಿಕಾರಿಪುರನಂತೂ ಮೊದಲ ಸ್ಲೈಡು ಮಾಡಿಯೇ ತಂದಿದ್ದ. ಕುಮಾರವ್ಯಾಸ, ನಿಜನಾಮ ನಾರಣಪ್ಪ, ಊರು ಕೋಳಿವಾಡ, ಆರಾಧ್ಯದೈವ ಗದುಗಿನ ವೀರನಾರಾಯಣ, ಕಾಲ 15ನೇ ಶತಮಾನ, ಕೃತಿ ಹತ್ತು ಪರ್ವದ 'ಕರ್ಣಾಟ ಭಾರತ ಕಥಾಮಂಜರಿ', ಛಂದಸ್ಸು ಭಾಮಿನಿ ಷಟ್ಪದಿ. ಹಿಂದುಗಡೆ ಕಮಲದ ಹೂವಿನ ಚಿತ್ರ. ಯಾಕೆ ಕಮಲ ಅಂತ ಕೇಳಿದರೆ 'ಟೆಂಪ್ಲೇಟಲ್ಲಿ ಅದೇ ಇತ್ತು ಕಣೇ' ಅಂದ.

ಆ ಸ್ಲೈಡನ್ನು ಕ್ಯಾಂಟೀನಿನ ಪಕ್ಕದ ಸೈಬರಿನಲ್ಲಿ ತೆರೆದು ನೋಡೋಣ ಅಂತ ಹೋದರೆ ಅಕ್ಷರವೆಲ್ಲ ಕಲಸುಮೇಲೋಗರ. ನುಡಿ ತಂತ್ರಾಂಶದಲ್ಲಿ ಹಳೇ ಫಾಂಟ್ ಇಟ್ಟು ಟೈಪ್ ಮಾಡಿದ್ದ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೀರನಾರಾಯಣ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಅರ್ಧಚಂದ್ರ ಎಲ್ಲ ಸೇರಿದ ಏನೋ ಒಂದಾಗಿದ್ದ. ಕನ್ನಡದಲ್ಲಿ ಪಿಪಿಟಿ ಮಾಡುವವರಿಗೆ ಇದು ಹೊಸದಲ್ಲ. ಯೂನಿಕೋಡಿನಲ್ಲೇ ಟೈಪ್ ಮಾಡಿ, ಇಲ್ಲ ಅಂದರೆ ಪಿಡಿಎಫ್ ಮಾಡಿ ಒಯ್ಯಿರಿ, ಅಷ್ಟೆ. ಅವತ್ತು ನಮಗೆ ಅದರಿಂದ ಒಳ್ಳೆಯದೇ ಆಯಿತು. ಸ್ಲೈಡು ಕೈಕೊಟ್ಟಿದ್ದಕ್ಕೆ ಪುಸ್ತಕ ತೆರೆದೆವು.

ಸಾಗರ ಮೊದಲ ಪದ್ಯ ಓದಿದ.

ಇನತನೂಜನ ಕೂಡೆ ಮೈದುನ
ತನದ ಸರಸವನೆಸಗಿ ರಥದೊಳು
ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ
ಎನಗೆ ನಿಮ್ಮಡಿಗಳಲಿ ಸಮಸೇ
ವನೆಯೆ ದೇವ ಮುರಾರಿಯಂಜುವೆ
ನೆನಲು ತೊಡೆ ಸೋಂಕಿನಲಿ ಸಾರಿದು ಶೌರಿಯಿಂತೆಂದ

ಅವನು ಓದಿದ್ದು ಹಾಡಿನ ಹಾಗೆ, ಮೇಜಿನ ಮೇಲೆ ತಾಳ ಹಾಕುತ್ತಾ. ಯಕ್ಷಗಾನದ ಪ್ರಸಂಗಗಳಲ್ಲಿ ಭಾಮಿನಿ, ವಾರ್ಧಕ ಎಲ್ಲ ಬರುತ್ತವಲ್ಲ, ಅವನಿಗೆ ಅದು ಬಾಯಲ್ಲೇ ಇದೆ. 'ತಕಿಟ ತಕದಿಮಿ ತಕಿಟ ತಕದಿಮಿ. ಅಷ್ಟೇ ಮಾರಾಯ್ತಿ, ಎಂತ ಕಷ್ಟ ಇದೆ ಇದರಲ್ಲಿ?' ಅಂದ. ವ್ಯಾಕರಣದ ಪುಸ್ತಕದಲ್ಲಿ '3+4 ಮಾತ್ರೆಯ ಗಣಗಳು' ಅಂತ ಓದಿ ಉರು ಹೊಡೆದಿದ್ದೆವು. ಬೆರಳಲ್ಲಿ ಬಡಿದು ನೋಡಿದ್ದು ಅವತ್ತೇ ಮೊದಲು. ಇನತ, ನೂಜನ, ಕೂಡೆ, ಮೈದುನ. ಮೂರು, ನಾಲ್ಕು, ಮೂರು, ನಾಲ್ಕು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಇಷ್ಟೇ, 14 ಮಾತ್ರೆ. ಮೂರನೇ ಸಾಲಿಗೂ ಆರನೇ ಸಾಲಿಗೂ ಇದರ ಒಂದೂವರೆಯಷ್ಟು, ಕೊನೆಗೊಂದು ಗುರು. ತಕಿಟ ತಕದಿಮಿ ಮೂರು ಸಲ, ಆಮೇಲೆ 'ತಾ' ಅಂತ ಕೂತುಬಿಡುವುದು. ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿ. ಇನ, ತನ, ದನು, ಎನ, ವನೆ, ನೆನ. ಆರಕ್ಕೆ ಆರೂ ನಕಾರ. ಇದೇ ಪ್ರಾಸ.

ಭದ್ರಾವತಿ ಅಲ್ಲಿಯವರೆಗೆ ಸುಮ್ನೆ ಕೂತಿದ್ದಳು. ಆಮೇಲೆ ಕೇಳಿದಳು: 'ಮೈದುನ ಅಂತ ನಿಲ್ಲಿಸಿದ್ರಲ್ಲ, ಯಾರು ಆ ಮೈದುನ?'

ಸರಿಯಾದ ಪ್ರಶ್ನೆ. ಅಲ್ಲಿ ಮೈದುನ ಅಂತ ಬೇರೆ ಯಾರೂ ಇಲ್ಲ. ಅದು 'ಮೈದುನತನದ ಸರಸ'. ಸಾಲಿನ ಕೊನೆಗೆ ಪದ ಮಧ್ಯಕ್ಕೆ ಮುರಿದಿದೆ. 'ಸಮಸೇ' ಒಂದು ಕಡೆ, 'ವನೆಯೆ' ಇನ್ನೊಂದು ಕಡೆ. 'ಅಂಜುವೆನು ಎನಲು' ಅನ್ನುವುದೂ ಹಾಗೇ ತುಂಡಾಗಿದೆ. ತಾಳಕ್ಕೆ ಓದಿದರೆ ಕಿವಿಗೆ ಇಂಪು, ಅರ್ಥ ಚೂರುಚೂರು. ಗದ್ಯದ ಹಾಗೆ ಬಿಡಿಸಿ ಓದಿದರೆ ಅರ್ಥ ಬರುತ್ತದೆ, ಪದ್ಯ ಹೋಗುತ್ತದೆ. ಎರಡನ್ನೂ ಉಳಿಸಿಕೊಂಡು ಓದುವುದು ಹೇಗೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದವರು ನಮ್ಮ ದೊಡ್ಡಮ್ಮ. ಅವರು ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು ಕಲಿತವರು. ಶ್ರಾವಣದಲ್ಲಿ ಊರಿನ ದೇವಸ್ಥಾನದಲ್ಲಿ ಭಾರತ ವಾಚನ ಮಾಡುತ್ತಾರೆ. ಸಣ್ಣವಳಿದ್ದಾಗ ಪ್ರಸಾದದ ಆಸೆಗೆ ಹೋಗಿ ಕೂರುತ್ತಿದ್ದೆ. ಕೇಳಿಸಿಕೊಂಡಿದ್ದು ಅಷ್ಟಕ್ಕಷ್ಟೆ. ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಪದ್ಯ ಯಾವುದು ಅಂತ ಹೇಳಿ ಮುಗಿಯುವುದರೊಳಗೆ ಅವರು ಆ ಕಡೆಯಿಂದ ಶುರು ಮಾಡಿದ್ದರು. ಹಿಂದುಗಡೆ ಕುಕ್ಕರಿನ ಸೀಟಿ.

'ಇನತನೂಜನ ಕೂಡೆ...' ಅಂತ ಒಂದು ಸಲ ತಡೆದರು. ಆಮೇಲೆ 'ಮೈದುನತನದ ಸರಸವನೆಸಗಿ' ಒಂದೇ ಉಸಿರಿಗೆ. 'ರಥದೊಳು ದನುಜರಿಪು ಬರಸೆಳೆದು' ಅನ್ನುವಾಗ ದನಿ ಸ್ವಲ್ಪ ಎಳೆಯಿತು, ಕರ್ಣನ ಕೈ ಹಿಡಿದು ಎಳೆದಂತೆಯೇ. ಆಮೇಲೆ 'ಕುಳ್ಳಿರಿಸಿದನು ಪೀಠದಲಿ'. ತಾಳ ಇಲ್ಲ, ರಾಗ ಇದೆ. ಮೂರು-ನಾಲ್ಕರ ನಡೆ ಒಳಗೊಳಗೇ ಇದೆ, ಬಡಿದು ತೋರಿಸುವುದಿಲ್ಲ. ದೊಡ್ಡಮ್ಮ ಹೇಳಿದ್ದು ಇಷ್ಟೇ: 'ಸಾಲು ಮುಗೀತು ಅಂತ ನಿಲ್ಲಿಸ್ಬೇಡ ಮಗಾ. ಮಾತು ಮುಗಿದಲ್ಲಿ ನಿಲ್ಸು. ಕೇಳೋರಿಗೆ ಪುಸ್ತಕ ಕಾಣೋದಿಲ್ಲ.'

ಶಿವಮೊಗ್ಗದಲ್ಲಿ ಓದುತ್ತಾ ಗಮಕದ ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ತುಂಗೆಯ ದಡದಲ್ಲಿ ಮತ್ತೂರು ಒಂದು ಕಡೆ, ಹೊಸಹಳ್ಳಿ ಇನ್ನೊಂದು ಕಡೆ. ಮತ್ತೂರಿಗೆ ಸಂಸ್ಕೃತದ ಹೆಸರು ಬಂದಿದೆ, ಟೀವಿಯವರೂ ಬರುತ್ತಾರೆ. ಹೊಸಹಳ್ಳಿ ಗಮಕದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕಡೆ ಎಲ್ಲರ ವಾಟ್ಸ್ಯಾಪ್ ಸ್ಟೇಟಸ್ ಅದೇ ಆಗಿತ್ತು. ಅವರ ವಾಚನದ ರೆಕಾರ್ಡಿಂಗುಗಳು ಯೂಟ್ಯೂಬಿನಲ್ಲಿವೆ. ಭದ್ರಾವತಿ ಹಾಸ್ಟೆಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಅದನ್ನೇ ಕೇಳುತ್ತಾ ಮಲಗುತ್ತಿದ್ದಳಂತೆ. ರೂಂಮೇಟಿಗೆ ಸಿನಿಮಾ ಹಾಡು ಅಂತ ಸುಳ್ಳು ಹೇಳಿ.

ನಮ್ಮ ಸೆಮಿನಾರಿಗೆ ರೂಪ ಸಿಕ್ಕಿದ್ದೂ ಅಲ್ಲಿಂದಲೇ. ಗಮಕದಲ್ಲಿ ಇಬ್ಬರು ಇರುತ್ತಾರೆ. ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ವಾಚನಕಾರರು ಒಂದು ಪದ್ಯ ಓದಿ ನಿಲ್ಲಿಸುತ್ತಾರೆ. ವ್ಯಾಖ್ಯಾನಕಾರರು ಅದರ ಅರ್ಥ ಹೇಳುತ್ತಾ, ಮಧ್ಯೆ ಒಂದು ತಮಾಷೆ, ಇನ್ನೊಂದು ಕಥೆ ಸೇರಿಸಿ, ಮುಂದಿನ ಪದ್ಯದ ಬಾಗಿಲಿಗೆ ತಂದು ಬಿಡುತ್ತಾರೆ. ಓದು ಬರೆಹ ಗೊತ್ತಿಲ್ಲದವರೂ ಕುಮಾರವ್ಯಾಸನನ್ನು, ಜೈಮಿನಿ ಭಾರತವನ್ನು ಕೇಳಿ ತಿಳಿದುಕೊಂಡಿದ್ದು ಹೀಗೇ. ಸಾಹಿತ್ಯವನ್ನು ಗುಂಪಿನಲ್ಲಿ ಬಾಯಿಮಾತಿನಿಂದ ಒಪ್ಪಿಸುವ ವಿಧಾನ ನಮ್ಮಲ್ಲಿ ಮೊದಲೇ ಇದೆ, ನಾವು ಮಾತ್ರ ಕಮಲದ ಹೂವಿನ ಟೆಂಪ್ಲೇಟ್ ಹುಡುಕುತ್ತಾ ಕೂತಿದ್ದೇವೆ ಅನ್ನಿಸಿತು.

ಆದ್ದರಿಂದ ಐದು ಭಾಗ ಮಾಡುವ ಯೋಜನೆ ಬಿಟ್ಟೆವು. ಬರೀ ಎರಡು ಪದ್ಯ. ಮೊದಲ ಪದ್ಯಕ್ಕೆ ನಾನು ವಾಚನ, ಭದ್ರಾವತಿ ವ್ಯಾಖ್ಯಾನ. ಎರಡನೆಯದಕ್ಕೆ ಸಾಗರ ವಾಚನ, ಶಿಕಾರಿಪುರ ವ್ಯಾಖ್ಯಾನ. ಹೊಸನಗರ ಎರಡರ ನಡುವಿನ ಕಥೆ ಹೇಳಿ ಜೋಡಿಸಬೇಕು. ಹಾಗೆಯೇ ಐವರೂ ಎರಡು ಪದ್ಯ ಬಾಯಿಪಾಠ ಮಾಡಬೇಕು, ಯಾರ ಪಾಲಾದರೂ ಸರಿ. ಈ ಕೊನೆಯ ಷರತ್ತು ನನ್ನದು. ಅದಕ್ಕೇ ಜಾಸ್ತಿ ಬೈಸಿಕೊಂಡಿದ್ದು.

ಶಿಕಾರಿಪುರ ಪ್ರಾಕ್ಟೀಸಿಗೆ ಬರದೆ ತಪ್ಪಿಸಿಕೊಳ್ಳಲು ಕುಮಾರವ್ಯಾಸನನ್ನೇ ಎಳೆದು ತಂದ. ಪೀಠಿಕೆಯಲ್ಲಿ ಕವಿ ತನ್ನ ಬಗ್ಗೆ ಹೇಳಿಕೊಳ್ಳುವ ಪದ್ಯ ಇದೆಯಲ್ಲ, 'ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ' ಅಂತ. ಹಲಗೆ ಬಳಪದಲ್ಲಿ ಮೊದಲು ಬರೆದು ನೋಡಿದವನಲ್ಲ, ಇಟ್ಟ ಪದವನ್ನು ಅಳಿಸಿದವನಲ್ಲ, ನೇರ ಓಲೆಗೇ ಇಳಿಸಿದವನು ಅಂತ. 'ಅವನೇ ರಿಹರ್ಸಲ್ ಮಾಡ್ಲಿಲ್ಲ, ನಾವ್ಯಾಕೆ ಮಾಡಬೇಕು?' ಇಂಥ ಜಾಣತನ ಪರೀಕ್ಷೆಯಲ್ಲಿ ಯಾಕೆ ಬರುವುದಿಲ್ಲವೋ. ಸಾಗರ ಅವನ ಕುತ್ತಿಗೆಪಟ್ಟಿ ಹಿಡಿದು ಖಾಲಿ ಕ್ಲಾಸ್‌ರೂಮಿಗೆ ಎಳೆದುಕೊಂಡು ಬಂದ.

ಅದೇ ಶಿಕಾರಿಪುರ ಇನ್ನೊಂದು ಕಿತಾಪತಿ ಮಾಡಿದ. ತನ್ನ ಪಾಲಿಗೆ ಬಂದ ಪದ್ಯದ ಜೊತೆ ಹೇಳಲು ಇನ್ನೊಂದು ಪದ್ಯ ಇರಲಿ ಅಂತ ಫೋನಿನ ಎಐಯನ್ನು ಕೇಳಿದ್ದಾನೆ. ಅದು ಕುಮಾರವ್ಯಾಸನದ್ದೇ ಅಂತ ಹೇಳಿ ಒಂದು ಪದ್ಯ ಹೊಸೆದು ಕೊಟ್ಟಿದೆ. 'ಕರ್ಣನ ಮನಸ್ಸು ನೋವಿನಲ್ಲಿ, ತಾಯಿಯ ನೆನೆದು ಅತ್ತಿತು' ಅಂತ ಶುರು. ಸಾಗರ ಮೇಜು ಬಡಿದ. ಮೊದಲ ಸಾಲು ಸರಿಯಾಗಿ 14 ಮಾತ್ರೆ ಬಂದುಬಿಟ್ಟಿತು! ನಮಗೆಲ್ಲ ಒಂದು ಕ್ಷಣ ಗಾಬರಿ. ಎರಡನೇ ಸಾಲಿಗೆ 11ಕ್ಕೇ ಗಾಡಿ ನಿಂತಿತು. ಪ್ರಾಸವೂ ಇಲ್ಲ, ಒಂದರಲ್ಲಿ ರ್ಣ, ಇನ್ನೊಂದರಲ್ಲಿ ಯಿ. ಪದ್ಯ ಅಸಲಿಯೋ ನಕಲಿಯೋ ಅಂತ ನೋಡಲು ಬೆರಳು ಸಾಕು ಅಂತ ಅವತ್ತು ಗೊತ್ತಾಯಿತು. ಮಾತ್ರೆ ಎಣಿಸುವುದು ಯಾವ ಕಾಲಕ್ಕೆ ಉಪಯೋಗಕ್ಕೆ ಬರುತ್ತದೆ ಅಂತ ಪಿಯುಸಿಯಲ್ಲಿ ಗೊಣಗಿದವರೆಲ್ಲ ಕೇಳಿಸಿಕೊಳ್ಳಿ.

ಆದರೆ ಆ ನಕಲಿ ಪದ್ಯ ಒಂದು ಉಪಕಾರ ಮಾಡಿತು. ಅದರಲ್ಲಿ ಕರ್ಣ ತಾಯಿಯನ್ನು ನೆನೆದು ಅಳುತ್ತಾನೆ. ಯಾರು ಬರೆದರೂ ಹಾಗೇ ಬರೆಯುತ್ತಾರೆ. ಹುಟ್ಟಿದ ಕೂಡಲೇ ನೀರಿಗೆ ಬಿಟ್ಟ ತಾಯಿ ಯಾರು ಅಂತ ಈಗ ಗೊತ್ತಾಗಿದೆ, ಅಳದೆ ಇರುತ್ತಾನಾ? ಅಸಲಿ ಪದ್ಯ ನೋಡಿ.

ಕೊರಳ ಸೆರೆ ಹಿಗ್ಗಿದವು ದೃಗುಜಲ
ವುರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ
ಹರಿಯ ಹಗೆ ಹೊಗೆದೋರದುರುಹದೆ
ಬರಿದೆ ಹೋಹುದೆ ತನ್ನ ವಂಶವ
ನರುಹಿ ಕೊಂದನು ಹಲವು ಮಾತೇನೆಂದು ಚಿಂತಿಸಿದ

ಕುತ್ತಿಗೆಯ ನರ ಉಬ್ಬುತ್ತದೆ, ಕಣ್ಣೀರು ನುಗ್ಗುತ್ತದೆ. ಆಮೇಲೆ ಮೊದಲು ಬರುವ ಮಾತು ಯಾವುದು? ಕುರುಪತಿಗೆ ಕೇಡಾಯಿತು. ತಾಯಿ ಇಲ್ಲ, ತಮ್ಮಂದಿರಿಲ್ಲ, ಕೈಗೆ ಬರಲಿರುವ ರಾಜ್ಯವೂ ಇಲ್ಲ. ದುರ್ಯೋಧನ ಕೆಟ್ಟ ಅನ್ನುವ ಸಂಕಟ. ಇಡೀ ಪ್ರಸಂಗ ಇಲ್ಲೇ ಇದೆ. ಕರ್ಣ ಯಾಕೆ ಒಪ್ಪಲಿಲ್ಲ ಅಂತ ಎರಡು ಪುಟ ಬರೆಯುವುದೇ ಬೇಡ. ಒಪ್ಪುವುದಿಲ್ಲ ಅಂತ ಅವನು ಬಾಯಲ್ಲಿ ಹೇಳುವ ಮೊದಲೇ ಅವನ ಮನಸ್ಸು ಯಾರ ಕಡೆ ಓಡಿತು ಅಂತ ಕವಿ ತೋರಿಸಿಬಿಟ್ಟಿದ್ದಾನೆ. ನಮ್ಮ ಗೈಡುಗಳಲ್ಲಿ ಈ ಪದ್ಯಕ್ಕೆ 'ಕರ್ಣನು ಬಹಳ ದುಃಖಿತನಾದನು' ಅಂತ ಒಂದು ಸಾಲಿದೆ. ಗೈಡು ಬರೆಯುವವರಿಗೆ ದೇವರು ಒಳ್ಳೆಯದು ಮಾಡಲಿ.

ಈ ಪದ್ಯ ಓದುವುದು ಹೇಗೆ ಅಂತ ದೊಡ್ಡ ಜಗಳವೇ ಆಯಿತು. ಸಾಗರನಿಗೆ ಇದು ಅಬ್ಬರದ ಜಾಗ. ರಂಗದ ಮೇಲೆ ಕರ್ಣ ಬಂದರೆ ಹೇಗೋ ಹಾಗೆ, 'ಅಕಟಾ' ಅಂತ ಅವನು ಕೂಗಿದರೆ ಕಾರಿಡಾರಿನ ಪಾರಿವಾಳ ಹಾರಿ ಹೋಗುತ್ತಿದ್ದವು. ಪಕ್ಕದ ರೂಮಿನಿಂದ ಕಾಮರ್ಸಿನವರು ಬಂದು ಏನಾಯ್ತು ಅಂತ ಕೇಳಿದರು. ನಾನು ಬೇಡ ಅಂದೆ. ಅವನು ಕೇಳಲಿಲ್ಲ. 'ದುಃಖ ಅಂದ್ರೆ ಸಣ್ಣ ದನೀಲಿ ಹೇಳೋದಾ? ಕೊರಳ ಸೆರೆ ಹಿಗ್ಗಿದವು ಅಂತ ಕವಿಯೇ ಹೇಳಿದ್ದಾನಲ್ಲ ಮಾರಾಯ್ತಿ!'

ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. 'ಎಂದನು ತನ್ನ ಮನದೊಳಗೆ.' ಕರ್ಣ ಬಾಯಿ ಬಿಟ್ಟಿಲ್ಲ. ಕೃಷ್ಣ ಪಕ್ಕದಲ್ಲೇ ಕೂತಿದ್ದಾನೆ. ಅವನಿಗೆ ಕೇಳಿಸಬಾರದ ಮಾತು ಇದು. ಅವನ ಮೇಲೇ ಆಡುತ್ತಿರುವ ಮಾತು. ಹರಿಯ ಹಗೆ ಸುಮ್ಮನೆ ಹೋಗುತ್ತದಾ, ವಂಶ ತಿಳಿಸಿ ಕೊಂದುಬಿಟ್ಟ ಅಂತ. ಕೊರಳ ಸೆರೆ ಹಿಗ್ಗಿದ್ದೇ ಕೂಗನ್ನು ಒಳಗೆ ತಡೆದು ಹಿಡಿದಿದ್ದಕ್ಕೆ ಅಂತ ನನ್ನ ವಾದ. ಕೂಗಿದ್ದರೆ ಸೆರೆ ಯಾಕೆ ಉಬ್ಬಬೇಕು? ಸಾಗರ ಅದಕ್ಕೆ 'ಕೂಗಿದರೂ ಉಬ್ಬುತ್ತದೆ, ನನ್ನದು ನೋಡು' ಅಂತ ಕುತ್ತಿಗೆ ಮುಂದೆ ಮಾಡಿದ. ಉಬ್ಬಿತ್ತು, ಸುಳ್ಳಲ್ಲ. ದೊಡ್ಡಮ್ಮನಿಗೆ ಮತ್ತೆ ಫೋನು ಹೋಯಿತು. ಅವರು ತೀರ್ಪು ಕೊಡಲಿಲ್ಲ. ತಾನು ಇದನ್ನು ಮುಖಾರಿ ರಾಗದಲ್ಲಿ ಓದುತ್ತೇನೆ ಅಂತ ಹೇಳಿ, ಓದಿದರು. 'ಅಕಟಾ' ದೊಡ್ಡದಾಗಿಯೇ ಇತ್ತು. 'ತನ್ನ ಮನದೊಳಗೆ' ಅನ್ನುವಾಗ ಇಳಿಯಿತು. 'ನರುಹಿ ಕೊಂದನು' ಅನ್ನುವಲ್ಲಿ ಹೆಚ್ಚುಕಮ್ಮಿ ಮಾತಾಡಿದ ಹಾಗೇ ಇತ್ತು. ಸಾಗರ ಫೋನ್ ವಾಪಸ್ ಕೊಟ್ಟು, 'ಆಯ್ತು, ಅಕಟಾ ನಂದು, ಉಳಿದದ್ದು ನಿಂದು' ಅಂದ. ಕೊನೆಗೆ ಹಾಗೇ ಓದಿದ.

ಮೊದಲ ಪದ್ಯದಲ್ಲಿ ನನಗೆ ಕಾಣದೇ ಇದ್ದುದನ್ನು ಭದ್ರಾವತಿ ಕಂಡಳು. ವ್ಯಾಖ್ಯಾನ ತಯಾರು ಮಾಡುತ್ತಾ ನನ್ನನ್ನು ಕೇಳಿದಳು. 'ಕುಂತಿ ಕೃಷ್ಣನಿಗೆ ಏನಾಗ್ಬೇಕು?' ಸೋದರತ್ತೆ, ವಸುದೇವನ ಸೋದರಿ ಅಂದೆ. 'ಹಂಗಾದ್ರೆ ಕರ್ಣ ಅತ್ತೆ ಮಗ. ನಮ್ಮನೇಲೂ ಅತ್ತೆ ಮಕ್ಕಳ ಹತ್ರಾನೇ ಜಾಸ್ತಿ ತಮಾಷೆ ಮಾಡೋದು. ಕೃಷ್ಣ ವಿಷಯ ಹೇಳೋಕೆ ಮುಂಚೇನೇ ಅತ್ತೆ ಮಗನ ಥರ ನಡ್ಕೊಂಡಿದ್ದಾನೆ ನೋಡು. ಕರ್ಣನಿಗೆ ಅದು ಗೊತ್ತಿಲ್ಲ.' ನಾನು ಪುಸ್ತಕ ಎಳೆದುಕೊಂಡು ನೋಡಿದೆ. ಮೊದಲ ಸಾಲಿನಲ್ಲಿ 'ಇನತನೂಜ', ಸೂರ್ಯನ ಮಗ. ಅದರ ಬೆನ್ನಿಗೇ 'ಮೈದುನತನ'. ಗುಟ್ಟು ಎರಡೂ ಕಡೆಯಿಂದ ಅಲ್ಲೇ ಬಿಚ್ಚಿಟ್ಟಿದೆ. ಕೇಳುವ ನಮಗೆ ಗೊತ್ತು, ಕೃಷ್ಣನಿಗೆ ಗೊತ್ತು. ಗೊತ್ತಿಲ್ಲದವನು ಒಬ್ಬನೇ. ಅವನು ನಿಮ್ಮ ಸಮಕ್ಕೆ ಕೂರಲು ನನಗೆ ಹೆದರಿಕೆ ಅನ್ನುತ್ತಿದ್ದಾನೆ. ಕೃಷ್ಣ ಏನು ಮಾಡುತ್ತಾನೆ? ಮಾತಿನ ಉತ್ತರ ಕೊಡುವುದಿಲ್ಲ. ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಸರಿಯುತ್ತಾನೆ.

ಮನೆಯಲ್ಲಿ ತಮಿಳು ಮಾತಾಡುವ ಹುಡುಗಿಗೆ ಇದು ಮೊದಲು ಹೊಳೆಯಿತು. ಸೋದರತ್ತೆ ಮಕ್ಕಳ ಮಧ್ಯೆಯೇ ಬೆಳೆದ ನನಗೆ ಹೊಳೆಯಲಿಲ್ಲ. ಅವಳಿಗೆ ಮಹಾಪ್ರಾಣದ ಹೆದರಿಕೆ ಇತ್ತು. 'ರಥ' ಅನ್ನುವುದು 'ರತ' ಆಗುತ್ತಿತ್ತು, 'ಪೀಠ' 'ಪೀಟ' ಆಗುತ್ತಿತ್ತು. ಇದಕ್ಕೇ ವಾಚನ ಬೇಡ ಅಂದಿದ್ದು. ನಾವೂ ಒತ್ತಾಯ ಮಾಡಲಿಲ್ಲ. ನಮ್ಮ ಕ್ಲಾಸಿನಲ್ಲಿ ಕನ್ನಡವೇ ಮನೆಮಾತಾದವರಲ್ಲಿ ಅರ್ಧ ಜನರಿಗೆ ಹಕಾರವೇ ಬರುವುದಿಲ್ಲ, ಅವರು ಯಾರೂ ಹೆದರುವುದಿಲ್ಲ. ಅದಿರಲಿ. ಬೆಳಿಗ್ಗೆ ಹಲ್ಲುಜ್ಜುವಾಗ 'ರಥ, ಪೀಠ, ರಥ, ಪೀಠ' ಅಂತ ಹೇಳಿಕೊಳ್ಳುತ್ತಿದ್ದಳು ಅಂತ ಅವಳ ರೂಂಮೇಟ್ ನಮಗೆ ಹೇಳಿದಳು.

ಹೊಸನಗರನ ವಿಷಯ. ಎಲ್ಲ ಗುಂಪಿನಲ್ಲೂ ಇಂಥವನೊಬ್ಬ ಇರುತ್ತಾನೆ. ಬರುವುದಿಲ್ಲ, ಮೆಸೇಜಿಗೆ ಉತ್ತರ ಇಲ್ಲ, ಕೊನೆಗೆ ಹೆಸರು ಮಾತ್ರ ಸೇರುತ್ತದೆ. ಮೇಡಂಗೆ ಹೇಳಿ ಹೆಸರು ತೆಗೆಸೋಣ ಅಂತ ಶಿಕಾರಿಪುರ ಅಂದ. ಪ್ರಾಕ್ಟೀಸಿಗೆ ಬರದೆ ತಪ್ಪಿಸಿಕೊಳ್ಳುತ್ತಿದ್ದವನೇ! ಹೊಸನಗರ ಸಂಜೆ ಅಂಗಡಿ ಬಿಟ್ಟು ಬರುವ ಹಾಗಿಲ್ಲ, ಸಂಬಳ ಕಟ್ ಆಗುತ್ತದೆ. ಆದ್ದರಿಂದ ದೊಡ್ಡಮ್ಮನ ವಾಚನ ರೆಕಾರ್ಡ್ ಮಾಡಿ ಕಳಿಸಿದೆವು. ಗಿರಾಕಿ ಇಲ್ಲದ ಹೊತ್ತಿಗೆ ಕೇಳು ಅಂತ. ಒಂದು ದಿನ ತಲೆನೋವಿನ ಮಾತ್ರೆಗೆ ಹೋದಾಗ ನೋಡಿದೆ. ಕೌಂಟರಿನ ಮೇಲೆ ಫೋನು, ಫೋನಿನಲ್ಲಿ ದೊಡ್ಡಮ್ಮ. ಬಿಪಿ ಮಾತ್ರೆ ಕೊಳ್ಳಲು ಬಂದ ಅಜ್ಜರೊಬ್ಬರು ಚೀಲ ಕೈಯಲ್ಲೇ ಹಿಡಿದುಕೊಂಡು ನಿಂತು ಪದ್ಯ ಮುಗಿಯುವವರೆಗೆ ಕೇಳಿ, 'ಇನ್ನೊಂದು ಹಾಕು ತಮಾ' ಅಂದರು. ಇನ್ನೊಂದು ಇರಲಿಲ್ಲ. ಅವನು ಎರಡೂ ಪದ್ಯ ಕಲಿತನಾ? ಇಲ್ಲ. ಒಂದೇ ಬಂತು, ಅದೂ ಕೊನೆಯ ಸಾಲಿಗೆ ತಡವರಿಸುತ್ತಿದ್ದ. ಕಥೆ ಮಾತ್ರ ಚೆನ್ನಾಗಿ ಹೇಳಿದ.

ಗಡಿಯಾರ ಇಟ್ಟು ನೋಡಿದಾಗ ಅರ್ಧ ಗಂಟೆಯ ಹತ್ತಿರ ಹೋಗುತ್ತಿತ್ತು. ಕತ್ತರಿ ಹಾಕಬೇಕು. ಕವಿಯ ಕಾಲದ ಚರ್ಚೆ ಹೋಯಿತು. ರಾಘವಾಂಕನಿಂದ ಷಟ್ಪದಿ ಬೆಳೆದು ಬಂದ ಕಥೆ ಹೋಯಿತು. ನನಗೆ ಅದು ಇಷ್ಟವಾದ ಭಾಗ, ಹೊಟ್ಟೆ ಉರಿಯಿತು. ಪಂಪನ ಕರ್ಣನ ಜೊತೆ ಹೋಲಿಕೆ ಶಿಕ್ಷಕರಿಗೆ ತುಂಬಾ ಇಷ್ಟ, ಮಾರ್ಕ್ಸೂ ಬರುತ್ತದೆ. ಅದನ್ನೂ ಬಿಟ್ಟೆವು. ಎರಡು ನಿಮಿಷದಲ್ಲಿ ಪಂಪನನ್ನು ಮುಟ್ಟಿದ ಶಾಸ್ತ್ರ ಮಾಡುವ ಬದಲು ಮುಟ್ಟದೇ ಇರುವುದು ಲೇಸು. ಕಮಲದ ಸ್ಲೈಡಿನ ಬದಲು ಬೋರ್ಡಿನ ಮೇಲೆ ಎರಡು ಪದ್ಯ ಸೀಮೆಸುಣ್ಣದಲ್ಲಿ ಬರೆಯುವುದು ಅಂತಾಯಿತು. ಶಿಕಾರಿಪುರನ ಅಕ್ಷರ ಮುತ್ತಿನ ಹಾಗಿದೆ ಅಂತ ಆಗಲೇ ಗೊತ್ತಾಗಿದ್ದು. ಇಷ್ಟು ದಿನ ನುಡಿಯ ಹಿಂದೆ ಬಚ್ಚಿಟ್ಟಿದ್ದ.

ಸೆಮಿನಾರಿನ ದಿನ ವಿಶೇಷವೇನೂ ನಡೆಯಲಿಲ್ಲ. ಸಾಗರ ಮೊದಲಿಗೆ ಬೆಂಚು ಬಡಿದು ಇಡೀ ಕ್ಲಾಸಿನ ಕೈಯಲ್ಲಿ 'ತಕಿಟ ತಕದಿಮಿ' ಹಾಕಿಸಿದ. ಹಿಂದಿನ ಬೆಂಚಿನವರಿಗೆ ಬಡಿಯಲು ಹೇಳಿಕೊಡಬೇಕಾಗಿಲ್ಲ. ತಾಳಕ್ಕೆ ಒಂದು ಸಲ, ಆಮೇಲೆ ಅರ್ಥಕ್ಕೆ ಒಂದು ಸಲ, ಪ್ರತಿ ಪದ್ಯವನ್ನೂ ಎರಡು ಸಲ ಓದಿದೆವು. ಭದ್ರಾವತಿ ಚೀಟಿ ಇಲ್ಲದೆ ಮಾತಾಡಿದಳು. ಅತ್ತೆ ಮಗ ಅನ್ನುವಾಗ ಹುಡುಗರ ಕಡೆಯಿಂದ 'ಓಹೋ' ಅಂತ ಬಂತು, ಅವಳು ನಿಲ್ಲಲಿಲ್ಲ. 'ರಥ'ದ ಥ ಅಂತೂ ಕಿಟಕಿ ಅಲ್ಲಾಡುವಂತಿತ್ತು.

ಆಮೇಲೆ ಮೇಡಂ ಪ್ರಶ್ನೆ ಕೇಳಿದರು. ಸಾಮಾನ್ಯವಾಗಿ ಅವರು 'ಚೆನ್ನಾಗಿತ್ತು, ಕೂತ್ಕೊಳ್ಳಿ' ಅನ್ನುತ್ತಾರೆ. 'ಕೃಷ್ಣ ಸುಳ್ಳು ಹೇಳಲಿಲ್ಲ ಅಲ್ವಾ? ನಿಜವನ್ನೇ ಹೇಳಿದ. ನಿಜ ಹೇಳಿದ್ದನ್ನ ಕರ್ಣ ಯಾಕೆ ಕೊಂದ ಅಂತಾನೆ?'

ಇದಕ್ಕೆ ನಾವು ತಯಾರಾಗಿರಲಿಲ್ಲ. ಶಿಕಾರಿಪುರ ನನ್ನ ಮುಖ ನೋಡಿದ. ನಾನು ಬಾಯಿ ತೆಗೆಯುವ ಮೊದಲೇ ಹೊಸನಗರ ಹೇಳಿದ. 'ಗೊತ್ತಿಲ್ಲದೇ ಇದ್ದಿದ್ರೆ ಪಾಂಡವರ ಮೇಲೆ ನೆಮ್ಮದಿಯಾಗಿ ಬಾಣ ಬಿಡ್ತಿದ್ದ ಮೇಡಂ. ಈಗ ತಮ್ಮಂದಿರು ಅಂತ ಗೊತ್ತಾಯ್ತಲ್ಲ, ಕೈ ನಡುಗುತ್ತೆ. ಕೊಂದಂಗೇ ಆಯ್ತಲ್ವಾ?' ಸಾಗರ ಅಲ್ಲೇ ತಿರುಗಿ ಬಿದ್ದ. 'ಕೈ ಎಲ್ಲಿ ನಡುಗಿತು? ಅರ್ಜುನನ ಮೇಲೆ ಬಿಡಲಿಲ್ವಾ?' ಅಂತ. 'ಬಿಟ್ಟ, ಆದ್ರೆ ಉಳಿದ ನಾಲ್ವರನ್ನ ಕೊಲ್ಲಲಿಲ್ವಲ್ಲ' ಅಂತ ಭದ್ರಾವತಿ. ಅದು ಕುಂತಿಗೆ ಕೊಟ್ಟ ಮಾತಿನಿಂದ, ಕೃಷ್ಣನಿಂದಲ್ಲ ಅಂತ ಸಾಗರ. ಕುಂತಿ ಬಂದಾಗ ಅವನಿಗೆ ಮೊದಲೇ ಗೊತ್ತಿತ್ತಲ್ಲ, ಗೊತ್ತು ಮಾಡಿಸಿದ್ದು ಯಾರು ಅಂತ ಹೊಸನಗರ. ಮುಂದಿನ ಬೆಂಚಿನವರೂ ಸೇರಿಕೊಂಡರು. ಗುಂಪಿನ ಐವರು ಎದುರಾಬದುರಾ ನಿಂತು ಜಗಳವಾಡುವ ಸೆಮಿನಾರಿಗೆ ಮಾರ್ಕ್ಸ್ ಕೊಡುವ ಕಾಲಂ ಆ ಹಾಳೆಯಲ್ಲಿ ಇಲ್ಲ ಅಂತ ಕಾಣುತ್ತದೆ. ಮೇಡಂ ಪೆನ್ನು ಮುಚ್ಚಿ ಕೂತು ಕೇಳುತ್ತಿದ್ದರು.

ಬೆಲ್ ಹೊಡೆದು ಅರ್ಥಶಾಸ್ತ್ರದ ಸರ್ ಬಂದು ಬಾಗಿಲಲ್ಲಿ ನಿಂತ ಮೇಲೆ ಮೇಡಂ ಎದ್ದರು. ಸಾಗರನಿಗೂ ಹೊಸನಗರನಿಗೂ ತಮ್ಮ ತಮ್ಮ ವಾದವನ್ನು ಬರೆದುಕೊಂಡು ಬರಲು ಹೇಳಿದರು, ಪದ್ಯ ಎತ್ತಿ ತೋರಿಸಬೇಕು ಅಂತ ಷರತ್ತು ಹಾಕಿ. ಹೊಸನಗರ ಅಂಗಡಿಯ ಬಿಲ್ಲಿನ ಹಿಂದುಗಡೆ ಬರೆದು ಮಾರನೇ ದಿನವೇ ಕೊಟ್ಟ. ಸಾಗರ ಭೀಷ್ಮಪರ್ವದಿಂದ ಓದಿಕೊಂಡು ಬರುತ್ತಿದ್ದಾನಂತೆ, ಇನ್ನೂ ಕರ್ಣಪರ್ವ ಮುಟ್ಟಿಲ್ಲ.